ಗುಡುಗು ಮಳೆ ಹುಟ್ಟುವ ಗೆರೆ, ಅದನ್ನು ಹುಡುಕಿ ಹಾರುವ ವಿಮಾನಗಳು

ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಶಿರಸಿಯ ನಮ್ಮ ಮನೆಯಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿರುತ್ತದೆ. ನೋಡನೋಡುತ್ತ ಮೋಡ ಕಪ್ಪಾಗುತ್ತದೆ. ಅರ್ಧ ಗಂಟೆಯಲ್ಲಿ ಗಾಳಿ, ಗುಡುಗು, ಜೊತೆಗೆ ನಾಲ್ಕು ಆಲಿಕಲ್ಲು. ಕರೆಂಟು ಹೋಗುತ್ತದೆ. ಕಾರವಾರದಲ್ಲಿರುವ ಅಕ್ಕನಿಗೆ ಫೋನ್ ಮಾಡಿದರೆ, "ಇಲ್ಲಿ ಒಂದು ಹನಿಯೂ ಇಲ್ಲ ಮಾರಾಯಾ, ಸುಮ್ನೆ ಕೂತರೂ ಬೆವರು ಸುರೀತಿದೆ" ಅನ್ನುತ್ತಾಳೆ. ಬೆಳಿಗ್ಗೆ ಇಬ್ಬರೂ ಓದಿದ ಮುನ್ಸೂಚನೆ ಮಾತ್ರ ಒಂದೇ: ಉತ್ತರ ಕನ್ನಡದ ಒಂದೆರಡು ಕಡೆ ಗುಡುಗು ಸಹಿತ ಮಳೆ.

ಆ ಒಂದೆರಡು ಕಡೆ ಯಾವುದು ಅಂತ ಮೊದಲೇ ಹೇಳಲು ಯಾಕೆ ಆಗುವುದಿಲ್ಲ? ಸಾಣಿಕಟ್ಟೆಯ ಉಪ್ಪಿನ ಆಗರದವರಿಗೆ, ಒಣಮೀನು ಹರಡಿಕೊಂಡು ಕೂತ ಅಂಕೋಲೆಯ ಹೆಂಗಸರಿಗೆ, ತೋಟದಲ್ಲಿ ಸಿಡಿಲಿಗೆ ಸಿಕ್ಕಿಬಿಡಬಹುದಾದ ಆಳುಗಳಿಗೆ ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ. ಇದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳು ವಿಮಾನಗಳಲ್ಲಿ ಉಪಕರಣ ತುಂಬಿಕೊಂಡು, ಮಳೆ ಹುಟ್ಟುವ ಜಾಗಕ್ಕೇ ಹಾರುತ್ತಾರೆ. ಅವರು ಹುಡುಕುವುದು ಮೋಡವನ್ನಲ್ಲ. ಮೋಡಕ್ಕಿಂತ ಮೊದಲು ಇರುವ, ಕಣ್ಣಿಗೆ ಕಾಣದ ಒಂದು ಗೆರೆಯನ್ನು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೇಳುತ್ತಿರುವುದು ಚಂಡಮಾರುತದ ಬಗ್ಗೆ ಅಲ್ಲ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದ ತೌಕ್ತೆಯಂಥದ್ದು ನೂರಾರು ಕಿ.ಮೀ ಅಗಲ ಇರುತ್ತದೆ. ದಿನಗಳ ಮೊದಲೇ ಉಪಗ್ರಹಕ್ಕೆ ಕಾಣುತ್ತದೆ. ಗುಡುಗು ಮಳೆಯ ಮೋಡ ಹತ್ತಿಪ್ಪತ್ತು ಕಿ.ಮೀ ಅಗಲದ್ದು, ಒಂದೆರಡು ಗಂಟೆ ಬದುಕುವಂಥದ್ದು. ಅದಕ್ಕೇ ಅದನ್ನು ಹಿಡಿಯುವುದು ಕಷ್ಟ.

ಗಾಳಿಗೂ ಗಡಿ ಇರುತ್ತದೆ

ಗಾಳಿ ಎಲ್ಲ ಕಡೆ ಒಂದೇ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿಲ್ಲ. ಒಂದು ಜಾಗದಲ್ಲಿ ಕೆಲವು ದಿನ ನಿಂತ ಗಾಳಿ ಆ ಜಾಗದ ಗುಣ ಹಿಡಿಯುತ್ತದೆ. ಅರಬ್ಬಿ ಸಮುದ್ರದ ಮೇಲಿನ ಗಾಳಿಯಲ್ಲಿ ಆವಿ ಜಾಸ್ತಿ. ಹುಬ್ಬಳ್ಳಿಯಿಂದಾಚೆಯ ಬಯಲಿನ ಬೇಸಿಗೆ ಗಾಳಿ ಬಿಸಿ, ಒಣ. ಇವೆರಡೂ ಎದುರಾದಾಗ ಕೂಡಲೇ ಬೆರೆತುಹೋಗುವುದಿಲ್ಲ. ನಡುವೆ ಒಂದು ಗಡಿ ಏಳುತ್ತದೆ. ನೂರಾರು ಕಿ.ಮೀ ಉದ್ದ ಇರಬಹುದು. ಅಗಲ ಮಾತ್ರ ಹೆಚ್ಚೂಕಮ್ಮಿ ಒಂದೆರಡು ಕಿ.ಮೀ.

ಇದಕ್ಕೆ ನಮ್ಮ ಅಳಿವೆಗಳಿಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಕಾಳಿ ನದಿ ಕಡಲು ಸೇರುವಲ್ಲಿ ಭರತ ಏರುವಾಗ ಏನಾಗುತ್ತದೆ? ಉಪ್ಪು ನೀರು ಭಾರ. ಅದು ಬುಡದಲ್ಲಿ ಬೆಣೆಯಂತೆ ಒಳಗೆ ನುಗ್ಗುತ್ತದೆ. ಹಗುರವಾದ ಸಿಹಿ ನೀರು ಅದರ ಮೇಲೇರಿ ಹರಿಯುತ್ತದೆ. ಅಘನಾಶಿನಿ ದಂಡೆಯ ಗಜನಿಯಲ್ಲಿ, ಅಂದರೆ ಉಪ್ಪು ನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವವರಿಗೆ ಉಪ್ಪು-ಸಿಹಿಯ ಈ ತಳ್ಳಾಟ ಚೆನ್ನಾಗಿ ಗೊತ್ತು. ಗಾಳಿಯಲ್ಲೂ ಹೀಗೇ. ತಂಪು ಗಾಳಿ ಭಾರ, ಬಿಸಿ ಗಾಳಿ ಹಗುರ. ತಂಪು ಗಾಳಿ ಬುಡಕ್ಕೆ ನುಗ್ಗಿ ಬಿಸಿ ಗಾಳಿಯನ್ನು ಎತ್ತಿಬಿಡುತ್ತದೆ.

ಇಲ್ಲಿ ಇನ್ನೊಂದು ವಿಷಯ ಇದೆ, ಮೊದಲ ಸಲ ಕೇಳಿದಾಗ ನಂಬುವುದು ಕಷ್ಟ. ಶಾಖ ಒಂದೇ ಇದ್ದರೆ, ಆವಿ ತುಂಬಿದ ಗಾಳಿ ಒಣ ಗಾಳಿಗಿಂತ ಹಗುರ. ಒದ್ದೆ ಬಟ್ಟೆ ಭಾರ ಇರುತ್ತದೆ, ಹಾಗಾಗಿ ನಾವು ಉಲ್ಟಾ ಯೋಚಿಸುತ್ತೇವೆ. ಆದರೆ ಬಟ್ಟೆಯಲ್ಲಿರುವುದು ನೀರು, ಗಾಳಿಯಲ್ಲಿರುವುದು ಅನಿಲ. ನೀರಾವಿಯ ಒಂದು ಅಣುವಿನ ತೂಕದ ಲೆಕ್ಕ 18. ಗಾಳಿಯಲ್ಲಿ ಮುಕ್ಕಾಲು ಪಾಲಿರುವ ಸಾರಜನಕದ್ದು 28, ಆಮ್ಲಜನಕದ್ದು 32. ಭಾರದ ಅಣುಗಳ ಜಾಗಕ್ಕೆ ಹಗುರದ್ದು ಬಂದು ಕೂತರೆ ಒಟ್ಟು ತೂಕ ಇಳಿಯುತ್ತದೆ. ಹಾಗಾಗಿ ಗಡಿಯ ಎರಡೂ ಬದಿ ಶಾಖ ಒಂದೇ ಇದ್ದರೆ, ಮೇಲೇರುವುದು ಹಸಿ ಗಾಳಿಯೇ.

ಹಂಡೆ ಮತ್ತು ಮುಚ್ಚಳ

ಗಾಳಿ ಮೇಲೇರಿದರೆ ಏನಾಯಿತು? ಮೇಲೆ ಹೋದಂತೆ ಅದು ಹಿಗ್ಗುತ್ತದೆ, ತಣ್ಣಗಾಗುತ್ತದೆ. ಒಂದು ಎತ್ತರದಲ್ಲಿ ಅದರೊಳಗಿನ ಆವಿ ಹನಿಯಾಗುತ್ತದೆ. ಅದೇ ಮೋಡ. ಆವಿ ಹನಿಯಾಗುವಾಗ, ಅದನ್ನು ಆವಿಯಾಗಿಸಲು ಬಿಸಿಲು ಖರ್ಚು ಮಾಡಿದ ಶಾಖವೆಲ್ಲ ವಾಪಸ್ ಬರುತ್ತದೆ. ಇದು ಸಣ್ಣ ಲೆಕ್ಕ ಅಲ್ಲ. ಒಂದು ಲೀಟರ್ ನೀರಾಗುವಷ್ಟು ಆವಿ ಹನಿಗಟ್ಟಿದರೆ, ಏಳೆಂಟು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಬಿಡುಗಡೆಯಾಗುತ್ತದೆ. ಆ ಶಾಖ ಮೋಡದೊಳಗಿನ ಗಾಳಿಯನ್ನು ಇನ್ನೂ ಹಗುರ ಮಾಡುತ್ತದೆ. ಅದು ಇನ್ನೂ ಏರುತ್ತದೆ, ಇನ್ನಷ್ಟು ಆವಿ ಹನಿಯಾಗುತ್ತದೆ. ಹೀಗೆ ತನ್ನ ಬೆಂಕಿಯನ್ನು ತಾನೇ ಊದಿಕೊಂಡು ಮೋಡ 12-15 ಕಿ.ಮೀ ಎತ್ತರಕ್ಕೆ ಬೆಳೆಯುತ್ತದೆ.

ಹಾಗಾದರೆ ಬೇಸಿಗೆಯಲ್ಲಿ ದಿನಾ ಎಲ್ಲ ಕಡೆ ಗುಡುಗಬೇಕಿತ್ತು. ಗುಡುಗುವುದಿಲ್ಲ, ಯಾಕೆಂದರೆ ಮುಚ್ಚಳ ಇದೆ. ನೆಲದಿಂದ ಒಂದೆರಡು ಕಿ.ಮೀ ಮೇಲೆ ಬಯಲುಸೀಮೆಯ ಬಿಸಿ ಒಣ ಗಾಳಿಯ ಒಂದು ಪದರ ಹಾಸಿಕೊಂಡಿರುತ್ತದೆ. ಕೆಳಗಿನಿಂದ ಏರಿದ ಹಸಿ ಗಾಳಿ ಅಲ್ಲಿಗೆ ಬರುವಷ್ಟರಲ್ಲಿ ತಣ್ಣಗಾಗಿ, ಸುತ್ತಲಿನ ಬಿಸಿ ಗಾಳಿಗಿಂತ ಭಾರವಾಗಿ, ಅಲ್ಲೇ ನಿಲ್ಲುತ್ತದೆ. ಬಚ್ಚಲ ಹಂಡೆಗೆ ಭಾರದ ಮುಚ್ಚಳ ಹಾಕಿ ಉರಿ ಹಾಕಿದ ಹಾಗೆ. ಒಳಗೆ ಕುದಿ ಏರುತ್ತಲೇ ಇರುತ್ತದೆ. ನಮಗೆ ಸೆಖೆ ತಡೆಯಲಾಗದ ದಿನಗಳು ಇವೇ.

ಆ ಮುಚ್ಚಳವನ್ನು ಯಾವುದಾದರೂ ಒಂದು ಕಡೆ ಎತ್ತಬೇಕು. ಎತ್ತುವ ಕೆಲಸ ಗಡಿಯದ್ದು. ಗಡಿಯಲ್ಲಿ ಎರಡು ಕಡೆಯ ಗಾಳಿ ಒತ್ತುವುದರಿಂದ ಹಸಿ ಗಾಳಿ ಬಲವಂತವಾಗಿ ಮೇಲೇರುತ್ತದೆ. ಮುಚ್ಚಳ ದಾಟಿತೋ, ಆಮೇಲೆ ಅದನ್ನು ಯಾರೂ ತಳ್ಳಬೇಕಿಲ್ಲ. ದಾಟಲಿಲ್ಲವೋ, ಆ ದಿನ ಬರೀ ಬೆವರು.

ನಮ್ಮ ಜಿಲ್ಲೆಯಲ್ಲಿ ಎಷ್ಟು ಗಡಿಗಳು!

ಉತ್ತರ ಕನ್ನಡದವರು ಇಂಥ ಗಡಿಗಳ ಮೇಲೇ ಬದುಕುತ್ತಿದ್ದೇವೆ. ಮೊದಲನೆಯದು ಕಡಲ ಗಾಳಿಯ ಮುಂಚೂಣಿ. ಬೆಳಿಗ್ಗೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ನೆಲದ ಮೇಲಿನ ಗಾಳಿ ಏರಿದ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಕಾರವಾರದ ದಂಡೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೈಗೆ ಹಿತವಾಗಿ ತಾಗುವ ಗಾಳಿ ಇದು. ಅದರ ಮುಂಭಾಗವೇ ಒಂದು ಗಡಿ. ಅದು ದಂಡೆಯಲ್ಲಿ ನಿಲ್ಲುವುದಿಲ್ಲ, ಒಳನಾಡಿನ ಕಡೆ ಸಾಗುತ್ತದೆ.

ಒಳಗೆ ಹೋದರೆ ಎದುರಿಗೆ ಘಟ್ಟ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಬಂದವರಿಗೆ ಗೊತ್ತು, ಕೆಲವೇ ಕಿ.ಮೀ ಒಳಗೆ ಹವೆಯೇ ಬದಲಾಗುತ್ತದೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕಡಲ ಗಾಳಿಯ ಪದರ ಸಾಮಾನ್ಯವಾಗಿ ಒಂದು ಕಿ.ಮೀ ಆಸುಪಾಸು ದಪ್ಪ. ಬಿಸಿಲಿಗೆ ಕಾದ ಗುಡ್ಡದ ಇಳಿಜಾರು ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ, ಹಿಂದಿನಿಂದ ಕಡಲ ಗಾಳಿ ತಳ್ಳುತ್ತದೆ, ಆಚೆ ಕಡೆ ಮುಂಡಗೋಡ-ಹಳಿಯಾಳದ ಬಿಸಿ ಗಾಳಿ ಎದುರು ನಿಂತಿರುತ್ತದೆ. ಭರಣಿ, ಕೃತ್ತಿಕೆ ಮಳೆಗಳು ಘಟ್ಟದ ಮೇಲೆ ಸಂಜೆಯ ಗುಡುಗಾಗಿ ಬರುವುದಕ್ಕೂ, ಅದೇ ಹೊತ್ತಿಗೆ ಕಾರವಾರ ಒಣಗಿ ನಿಲ್ಲುವುದಕ್ಕೂ ಇದೇ ಮುಖ್ಯ ಕಾರಣ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುತ್ತಾರೆ. ಆ ಮಳೆ ಎಲ್ಲಿ ಬರುತ್ತದೆ ಅನ್ನುವುದು ಈ ಗೆರೆ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಹೋಗುತ್ತದೆ.

ಇನ್ನೊಂದು ಗಡಿಯನ್ನು ಮಳೆಯೇ ಹುಟ್ಟಿಸುತ್ತದೆ. ಮಳೆ ಸುರಿಯುವಾಗ ಮೋಡದ ಬುಡದಿಂದ ತಣ್ಣನೆ ಗಾಳಿ ಧೊಪ್ಪನೆ ನೆಲಕ್ಕೆ ಬಿದ್ದು ಸುತ್ತಲೂ ಹರಡುತ್ತದೆ. ಮಳೆಗಿಂತ ಹತ್ತು ನಿಮಿಷ ಮೊದಲು ಮಣ್ಣಿನ ವಾಸನೆ ಹೊತ್ತು ಬಂದು ಕಿಟಕಿ ಬಡಿಯುವ ಗಾಳಿ ಅದೇ. ಅದು ಮುಂದೆ ಹೋಗಿ ಕಡಲ ಗಾಳಿಯ ಗಡಿಗೋ, ಇನ್ನೊಂದು ಮೋಡದಿಂದ ಬಂದ ತಣ್ಣನೆ ಗಾಳಿಗೋ ಡಿಕ್ಕಿ ಹೊಡೆದರೆ ಅಲ್ಲಿ ಹೊಸ ಮೋಡ ಹುಟ್ಟುತ್ತದೆ. ಶಿರಸಿಯಲ್ಲಿ ಮಳೆ ನಿಂತ ಮುಕ್ಕಾಲು ಗಂಟೆಗೆ ಸಿದ್ದಾಪುರದ ಕಡೆ ಗುಡುಗು ಕೇಳಿಸುವುದು ಎಷ್ಟೋ ಸಲ ಹೀಗೆ.

ರೇಡಾರ್ ಇದೆಯಲ್ಲ, ವಿಮಾನ ಯಾಕೆ?

ರೇಡಾರ್ ಮುಖ್ಯವಾಗಿ ನೋಡುವುದು ಹನಿಯನ್ನು. ಆವಿಯನ್ನು ಅದು ನೋಡುವುದಿಲ್ಲ. ಹನಿ ಬಿದ್ದ ಮೇಲೆ ಎಲ್ಲಿ ಮಳೆ ಅಂತ ಅದು ಚೆನ್ನಾಗಿ ಹೇಳುತ್ತದೆ. ಹನಿ ಹುಟ್ಟುವ ಮೊದಲಿನ ಒಂದು ಗಂಟೆ ಅದಕ್ಕೆ ಹೆಚ್ಚುಕಡಿಮೆ ಕತ್ತಲು.

ಇನ್ನೊಂದು ತೊಡಕು ಭೂಮಿಯ ಆಕಾರದ್ದು. ನಮಗೆ ಹತ್ತಿರದ ಡಾಪ್ಲರ್ ರೇಡಾರ್ ಗೋವಾದ ಪಣಜಿಯಲ್ಲಿದೆ. ರೇಡಾರಿನ ಕಿರಣ ನೇರ ಹೋಗುತ್ತದೆ, ಭೂಮಿ ಬಾಗಿದೆ. ಕಿರಣವನ್ನು ಬರೀ ಅರ್ಧ ಡಿಗ್ರಿ ಎತ್ತಿ ಬಿಟ್ಟರೂ, ಸುಮಾರು 150 ಕಿ.ಮೀ ದೂರದ ಶಿರಸಿಗೆ ಬರುವಷ್ಟರಲ್ಲಿ ಅದು ಕಡಲ ಮಟ್ಟದಿಂದ ಎರಡೂವರೆ ಕಿ.ಮೀ ಮೇಲೆ ಇರುತ್ತದೆ. ಕಡಲ ಗಾಳಿಯ ಆಟವೆಲ್ಲ ಅದರ ಕೆಳಗೇ ಮುಗಿದಿರುತ್ತದೆ. ಉಪಗ್ರಹ ಮೇಲಿಂದ ನೋಡುತ್ತದೆ, ನೆಲದ ಹತ್ತಿರದ ತೆಳು ಪದರದ ವಿವರ ಅದಕ್ಕೆ ಸ್ಪಷ್ಟವಾಗಿ ಸಿಗುವುದಿಲ್ಲ. ಹವಾಮಾನ ಬಲೂನು ಗಾಳಿ ಹೋದ ಕಡೆ ಹೋಗುತ್ತದೆ, ಅದೂ ದಿನಕ್ಕೆ ಒಂದೆರಡು ಸಲ, ಕೆಲವೇ ಊರುಗಳಿಂದ.

ಗೆರೆಯ ಎರಡೂ ಬದಿಗೆ ಹೋಗಿ, ಒಂದು ಗಂಟೆಯಲ್ಲಿ ಹತ್ತು ಸಲ ಅದನ್ನು ದಾಟಿ ಅಳೆಯುವುದು ವಿಮಾನದಿಂದ ಮಾತ್ರ ಸಾಧ್ಯ.

ವಿಮಾನ ಹೇಗೆ ಹಾರುತ್ತದೆ, ಏನು ಅಳೆಯುತ್ತದೆ

ಗದ್ದೆ ಉಳುವವರು ಸಾಲು ಮುಗಿಸಿ ತಿರುಗಿ ಮತ್ತೆ ಸಾಲು ಹಿಡಿಯುತ್ತಾರಲ್ಲ, ಹಾಗೆ ಈ ವಿಮಾನ ಹಾರುತ್ತದೆ. ಗಡಿಗೆ ಅಡ್ಡಲಾಗಿ ಒಂದು ಸಾಲು. ದಾಟಿ ಮುಂದೆ ಹೋಗಿ ತಿರುಗಿ ಇನ್ನೊಂದು. ಮೊದಲು ನೆಲದಿಂದ ಕೆಲವೇ ನೂರು ಮೀಟರ್ ಎತ್ತರದಲ್ಲಿ. ಆಮೇಲೆ ಅದರ ಮೇಲೆ, ಮತ್ತೆ ಅದರ ಮೇಲೆ. ಕೊನೆಗೆ ಸಾಲುಗಳನ್ನೆಲ್ಲ ಜೋಡಿಸಿದರೆ ಗಡಿಯನ್ನು ಕತ್ತಿಯಿಂದ ಕೊಯ್ದು ಅಡ್ಡ ನೋಡಿದ ಹಾಗೆ ಒಂದು ಚಿತ್ರ ಸಿಗುತ್ತದೆ.

ಇಂಥ ಕೆಲಸಕ್ಕೆ ಅಮೆರಿಕದಲ್ಲಿ ಬಳಸುವ ಕಿಂಗ್ ಏರ್ ಎಂಬ ಎರಡು ಎಂಜಿನ್ನಿನ ಸಣ್ಣ ವಿಮಾನ ಅಳೆಯುವಾಗ ಸೆಕೆಂಡಿಗೆ ಸುಮಾರು 90 ಮೀಟರ್ ವೇಗದಲ್ಲಿ ಹೋಗುತ್ತದೆ. ಅಂದರೆ ಒಂದು ಕಿ.ಮೀ ಅಗಲದ ಗಡಿಯನ್ನು 11 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅಷ್ಟರಲ್ಲಿ ಎಲ್ಲ ಅಳೆಯಬೇಕು. ಹಾಗಾಗಿ ಉಪಕರಣಗಳು ಒಂದು ಸೆಕೆಂಡಿಗೆ ಹತ್ತಾರು ಸಲ ಶಾಖ, ಆವಿ, ಒತ್ತಡ ದಾಖಲಿಸುತ್ತವೆ. ಮೂಗಿನಿಂದ ಮುಂದಕ್ಕೆ ಚಾಚಿದ ಉದ್ದನೆ ಕೋಲಿನ ತುದಿಯಲ್ಲಿ ಸಣ್ಣ ತೂತುಗಳಿರುತ್ತವೆ. ಗಾಳಿ ಯಾವ ತೂತನ್ನು ಎಷ್ಟು ಒತ್ತುತ್ತದೆ ಅನ್ನುವುದರಿಂದ, ಅದು ಮೇಲೇರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ಕೋಲು ಯಾಕೆ ಅಂದರೆ, ವಿಮಾನವೇ ಕದಡಿದ ಗಾಳಿಯನ್ನು ಅಳೆಯಬಾರದು.

ಮೇಲಿನಿಂದ ಹಾರುವ ವಿಮಾನಗಳು ಡ್ರಾಪ್‌ಸೋಂಡ್ ಬೀಳಿಸುತ್ತವೆ. ಒಂದು ಕೊಳವೆ, ಅದಕ್ಕೊಂದು ಪುಟ್ಟ ಪ್ಯಾರಾಚೂಟ್, ಒಳಗೆ ಶಾಖ-ತೇವ-ಒತ್ತಡದ ಅಳತೆ ಮತ್ತು ಜಿಪಿಎಸ್. ಬೀಳುತ್ತ ಬೀಳುತ್ತ ಅದು ಇಡೀ ಪದರದ ಲೆಕ್ಕವನ್ನು ರೇಡಿಯೊದಲ್ಲಿ ವಿಮಾನಕ್ಕೆ ಕಳಿಸುತ್ತದೆ. ಲೈಡಾರ್ ಅನ್ನುವುದು ಇನ್ನೊಂದು. ಲೇಸರ್ ಬೆಳಕು ಬಿಟ್ಟು, ಆವಿ ಅದರಲ್ಲಿ ಎಷ್ಟನ್ನು ಹೀರಿಕೊಂಡಿತು ಅಂತ ನೋಡುತ್ತದೆ. ಮೋಡವೇ ಇಲ್ಲದ ತಿಳಿ ಗಾಳಿಯಲ್ಲಿ ಆವಿ ಎಲ್ಲಿ ದಟ್ಟ, ಎಲ್ಲಿ ತೆಳು ಅಂತ ಪರದೆ ಹಿಡಿದ ಹಾಗೆ ತೋರಿಸುತ್ತದೆ. ನನ್ನ ಮಟ್ಟಿಗೆ ಇಡೀ ಸಲಕರಣೆಯಲ್ಲಿ ಅತಿ ಮುಖ್ಯವಾದದ್ದು ಇದೇ.

ಗುಡುಗು ಮೋಡದ ಹೊಟ್ಟೆಯೊಳಗೆ ಇವು ಹೋಗುತ್ತವಾ? ಸಾಮಾನ್ಯವಾಗಿ ಇಲ್ಲ. ಒಳಗೆ ಆಲಿಕಲ್ಲು, ಸಿಡಿಲು, ಭಾರಿ ಏರಿಳಿತ ಇರುತ್ತದೆ. ಮೋಡ ಹುಟ್ಟುವ ಮೊದಲು ಅಥವಾ ಅಂಚಿನಲ್ಲಿ ಹಾರುವುದೇ ಕ್ರಮ. ಆಲಿಕಲ್ಲಿನ ಮೋಡದೊಳಗೇ ನುಗ್ಗಲೆಂದು ಅಮೆರಿಕದ ದಕ್ಷಿಣ ಡಕೋಟದಲ್ಲಿ ಟಿ-28 ಎಂಬ ವಿಮಾನಕ್ಕೆ ಕವಚ ಹೊದೆಸಿ ಹಲವು ವರ್ಷ ಬಳಸಿದ್ದರು. ಅದು ಅಪರೂಪದ ಮಾತು.

1946ರ ಐದು ವಿಮಾನಗಳು, 2002ರ ಆವಿ ಬೇಟೆ

ಎರಡನೇ ಮಹಾಯುದ್ಧ ಮುಗಿದಾಗ ವಿಮಾನಗಳು, ಪೈಲಟ್‌ಗಳು, ರೇಡಾರ್‌ಗಳು ಕೈಯಲ್ಲಿದ್ದವು. 1946ರಲ್ಲಿ ಫ್ಲೋರಿಡಾದಲ್ಲಿ, 1947ರಲ್ಲಿ ಓಹಾಯೊದಲ್ಲಿ ಥಂಡರ್‌ಸ್ಟಾರ್ಮ್ ಪ್ರಾಜೆಕ್ಟ್ ನಡೆಯಿತು. ಹೊರೇಸ್ ಬೈಯರ್ಸ್ ಅದರ ಮುಖ್ಯಸ್ಥರು. ಪಿ-61 ಎಂಬ ಯುದ್ಧ ವಿಮಾನಗಳು 5,000 ಅಡಿಯಿಂದ 25,000 ಅಡಿವರೆಗೆ ಐದು ಎತ್ತರಗಳಲ್ಲಿ ಒಂದೇ ಮೋಡವನ್ನು ಹಾದುಹೋದವು. ಗುಡುಗು ಮೋಡಕ್ಕೆ ಮೂರು ಹಂತದ ಬದುಕು ಅಂತ ಗೊತ್ತಾದದ್ದು ಆಗ. ಬರೀ ಏರುವ ಹಂತ, ಏರುವುದೂ ಇಳಿಯುವುದೂ ಜೊತೆಗಿರುವ ಹಂತ, ಬರೀ ಇಳಿದು ಕರಗುವ ಹಂತ. ಇಂದಿಗೂ ಪಾಠದಲ್ಲಿ ಇರುವುದು ಇದೇ.

ಆದರೆ ಅದು ಹುಟ್ಟಿದ ಮೇಲಿನ ಕಥೆ. ಹುಟ್ಟಿನ ಕಥೆಗೆ ದೊಡ್ಡ ಪ್ರಯತ್ನ ನಡೆದದ್ದು 2002ರ ಮೇ 13ರಿಂದ ಜೂನ್ 25ರವರೆಗೆ, ಅಮೆರಿಕದ ದಕ್ಷಿಣ ಬಯಲಿನಲ್ಲಿ. ಹೆಸರು ಐಹಾಪ್. ಹಲವು ವಿಮಾನಗಳು, ಲಾರಿಗಳ ಮೇಲೆ ಹೊತ್ತ ರೇಡಾರ್‌ಗಳು, ಎಲ್ಲ ಆವಿಯ ಹಿಂದೆ. ಅಲ್ಲಿ ಡ್ರೈಲೈನ್ ಎಂಬ ಪ್ರಸಿದ್ಧ ಗಡಿ ಇದೆ. ಒಂದು ಕಡೆ ಮೆಕ್ಸಿಕೊ ಕೊಲ್ಲಿಯ ಹಸಿ ಗಾಳಿ, ಇನ್ನೊಂದು ಕಡೆ ಮರುಭೂಮಿಯ ಒಣ ಗಾಳಿ. ಸುಂಟರಗಾಳಿ ಹೊರಡಿಸುವ ಎಷ್ಟೋ ಮೋಡಗಳು ಅದರ ಉದ್ದಕ್ಕೂ ಹುಟ್ಟುತ್ತವೆ.

ಅವರಿಗೆ ಸಿಕ್ಕ ಉತ್ತರಗಳಲ್ಲಿ ಎರಡು ನಮಗೂ ಉಪಯೋಗದ್ದು. ಒಂದು, ಗಡಿಯ ಉದ್ದಕ್ಕೂ ಎಲ್ಲ ಕಡೆ ಮೋಡ ಹುಟ್ಟುವುದಿಲ್ಲ. ಗೆರೆಯ ಮೇಲೆ ಸಣ್ಣ ಸಣ್ಣ ಸುಳಿಗಳಿರುತ್ತವೆ, ಎರಡು ಗಡಿಗಳು ಕೂಡುವ ಜಾಗಗಳಿರುತ್ತವೆ. ಮೇಲೇರಿದ ಹಸಿ ಗಾಳಿ ಗಡಿಯಿಂದ ಪಕ್ಕಕ್ಕೆ ಸರಿದು ಒಣಗಿಹೋಗುವ ಮೊದಲೇ ಮುಚ್ಚಳ ದಾಟಬೇಕು. ದಾಟಲು ಆಗದೆ, ಎಲ್ಲ ತಯಾರಿ ಇದ್ದೂ ಮಳೆ ಬಾರದ ದಿನಗಳನ್ನೂ ಅವರು ಅಳೆದರು. ಆ ದಿನಗಳ ಲೆಕ್ಕ ಮಳೆ ಬಂದ ದಿನದಷ್ಟೇ ಬೆಲೆಯುಳ್ಳದ್ದು. ಎರಡು, ಹೊಸ ಮೋಡಗಳಲ್ಲಿ ಸುಮಾರು ಅರ್ಧ ನೆಲದ ಗಡಿಗಳಿಂದ ಹುಟ್ಟಿದ್ದವು. ಉಳಿದರ್ಧದ ಬೇರು ಮೇಲಿನ ಪದರಗಳಲ್ಲಿತ್ತು, ಅವುಗಳ ಗುರುತು ನೆಲದಲ್ಲಿ ಹುಡುಕಿದರೆ ಸಿಗುವುದಿಲ್ಲ.

ನಮ್ಮ ಕಡಲ ಮೇಲೆ

ಅದೇ 2002ರ ಜೂನ್-ಆಗಸ್ಟಿನಲ್ಲಿ ಭಾರತದಲ್ಲಿ ಆರ್ಮೆಕ್ಸ್ ಎಂಬ ಮುಂಗಾರು ಅಧ್ಯಯನ ನಡೆಯಿತು. ಪಶ್ಚಿಮ ಕರಾವಳಿಯ ಭಾರಿ ಮಳೆ ಹೇಗೆ ಬರುತ್ತದೆ ಅನ್ನುವುದು ಅದರ ಪ್ರಶ್ನೆ. ಸಾಗರ ಕನ್ಯಾ ಎಂಬ ಹಡಗು ಅರಬ್ಬಿ ಸಮುದ್ರದಲ್ಲಿ ನಿಂತು ಅಳೆಯಿತು.

ಮಳೆಗಾಲದಲ್ಲಿ ಗಡಿಯ ಜಾಗ ಬದಲಾಗುತ್ತದೆ. ಬೇಸಿಗೆಯಲ್ಲಿ ಘಟ್ಟದ ಮೇಲಿದ್ದದ್ದು ಜೂನ್ ಬಂದ ಮೇಲೆ ಕಡಲ ಕಡೆಗೆ ಸರಿಯುತ್ತದೆ. ಕರಾವಳಿಗೆ ಸಮಾನಾಂತರವಾಗಿ ಕಡಿಮೆ ಒತ್ತಡದ ಒಂದು ಪಟ್ಟಿ ಬಿದ್ದುಕೊಂಡಿರುತ್ತದೆ. ಹವಾಮಾನ ವರದಿಯಲ್ಲಿ ಗುಜರಾತ್ ಅಥವಾ ಮಹಾರಾಷ್ಟ್ರದಿಂದ ಕೇರಳದವರೆಗೆ ಟ್ರಫ್ ಅಂತ ಓದುತ್ತೇವಲ್ಲ, ಅದೇ ಇದು. ಅದರೊಳಗೆ ಏಳುವ ಸಣ್ಣ ಸುಳಿಗಳು ದಂಡೆಯ ಒಂದೆರಡು ತಾಲ್ಲೂಕುಗಳಿಗೆ ಒಂದೇ ರಾತ್ರಿಯಲ್ಲಿ ಸುರಿದು ಹೋಗುತ್ತವೆ.

ವಿಮಾನಗಳು ಇಲ್ಲಿಗೆ ಬಂದದ್ದು 1979ರಲ್ಲೇ. ಮೊನೆಕ್ಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಅಮೆರಿಕದ ಸಂಶೋಧನಾ ವಿಮಾನಗಳು ಅರಬ್ಬಿ ಸಮುದ್ರದ ಮೇಲೆ ಹಾರಿ ಡ್ರಾಪ್‌ಸೋಂಡ್ ಬೀಳಿಸಿದವು. ಆ ಅಳತೆಗಳನ್ನು ನೋಡಿದ ವಿಜ್ಞಾನಿಗಳು 1984ರಲ್ಲಿ ಒಂದು ಮಾತು ಮುಂದಿಟ್ಟರು. ಪಶ್ಚಿಮದಿಂದ ಬರುವ ಮುಂಗಾರು ಗಾಳಿಗೆ ಘಟ್ಟ ಅಡ್ಡ ನಿಂತಿರುವುದರ ಪ್ರಭಾವ ದಂಡೆಯಿಂದ ಬಹಳ ದೂರ, ಕಡಲಿನ ಮೇಲೇ ಶುರುವಾಗುತ್ತದೆ. ಮುಂದೆ ರಸ್ತೆ ಕಟ್ಟಾದರೆ ವಾಹನಗಳ ಸಾಲು ಎಷ್ಟೋ ಹಿಂದಿನಿಂದಲೇ ನಿಧಾನವಾಗುತ್ತದೆ. ಹಾಗೆ ಗಾಳಿ ನಿಧಾನವಾಗಿ, ಒತ್ತೊತ್ತಾಗಿ, ಕಡಲ ಮೇಲೇ ಏರಲು ತೊಡಗುತ್ತದೆ. ಘಟ್ಟ ಮುಟ್ಟುವ ಮೊದಲೇ ಮಳೆ ಶುರು. ರಾತ್ರಿ ನೆಲದಿಂದ ಕಡಲಿಗೆ ಬೀಸುವ ಗಾಳಿ, ಮಳೆ ಸುರಿಸಿದ ತಂಪು ಇವುಗಳ ಪಾಲು ಕೂಡ ಇದೆ ಅಂತ ಆಮೇಲಿನ ಅಧ್ಯಯನಗಳು ಸೇರಿಸಿದವು.

2016ರಲ್ಲಿ ಇನ್ಕಂಪಾಸ್ ಎಂಬ ಭಾರತ-ಬ್ರಿಟನ್ ಯೋಜನೆ ನಡೆಯಿತು. ಬ್ರಿಟನ್ನಿನ ಬಿಎಇ-146, ನಾಲ್ಕು ಎಂಜಿನ್ನಿನ ಜೆಟ್, ಮೊದಲು ಲಖನೌದಿಂದ, ಆಮೇಲೆ ಬೆಂಗಳೂರಿನಿಂದ ಹಾರಿತು. ಬೆಂಗಳೂರಿನಿಂದ ಹೊರಟು ಪಶ್ಚಿಮ ಘಟ್ಟ ದಾಟಿ ಅರಬ್ಬಿ ಸಮುದ್ರದ ಮೇಲೆ ಹೋಗಿ ಬರುವುದು ಅದರ ಹಾದಿಗಳಲ್ಲಿ ಒಂದು. ಅಂದರೆ ಗಡಿಯ ಎರಡೂ ಬದಿ ಒಂದೇ ಹಾರಾಟದಲ್ಲಿ. ಗೊತ್ತಾದ ಮುಖ್ಯ ವಿಷಯ ಇದು: ಕೆಲವು ದಿನ ಅರಬ್ಬಿ ಸಮುದ್ರದ ಮೇಲೆ, ಕೆಲವು ಕಿ.ಮೀ ಎತ್ತರದಲ್ಲಿ ಒಣ ಗಾಳಿ ನುಗ್ಗುತ್ತದೆ. ಆಗ ಕಡಲ ಮೇಲೆ ಮೋಡ ಬೆಳೆಯುವುದು ಕುಗ್ಗಿ, ಮಳೆ ದಂಡೆ ಮತ್ತು ಘಟ್ಟದ ಮೇಲೆ ಬೀಳುತ್ತದೆ. ಆ ಒಣ ಪದರ ಇಲ್ಲದ ದಿನ ಕಡಲ ಮೇಲೂ ಜೋರು ಮಳೆ.

ಘಟ್ಟ-ಕರಾವಳಿಯವರಿಗೆ ಈ ವ್ಯತ್ಯಾಸ ಎಷ್ಟು ಮುಖ್ಯ ಅಂತ 2024ರ ಜುಲೈ 16ರ ಅಂಕೋಲೆ ತಾಲ್ಲೂಕಿನ ಶಿರೂರಿನ ಗುಡ್ಡ ಕುಸಿತ ನೋಡಿದವರಿಗೆ ಹೇಳಬೇಕಿಲ್ಲ. ಮಳೆ ಕಡಲಲ್ಲಿ ಬಿದ್ದರೆ ಮೀನುಗಾರರ ದೋಣಿಗೆ ಅಪಾಯ, ಗುಡ್ಡದ ಮೇಲೆ ಬಿದ್ದರೆ ಹೆದ್ದಾರಿಗೆ, ಮನೆಗಳಿಗೆ.

ಇದು ಮೋಡ ಬಿತ್ತನೆ ಅಲ್ಲ

ಹುಬ್ಬಳ್ಳಿಯಿಂದ ಹಾರಿದ ಮೋಡ ಬಿತ್ತನೆಯ ವಿಮಾನಗಳ ಸುದ್ದಿ ಕೇಳಿದವರಿಗೆ ಗೊಂದಲ ಆಗಬಹುದು. ಬಿತ್ತನೆಯ ವಿಮಾನ ಇರುವ ಮೋಡಕ್ಕೆ ರಾಸಾಯನಿಕ ಹಾಕುತ್ತದೆ. ಸಂಶೋಧನೆಯ ವಿಮಾನ ಗಾಳಿಗೆ ಏನೂ ಸೇರಿಸುವುದಿಲ್ಲ, ಬರೀ ಅಳೆಯುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ 2009ರಿಂದ ನಡೆಸಿದ ಕೈಪೀಕ್ಸ್ ಎಂಬ ವಿಮಾನ ಅಧ್ಯಯನದಲ್ಲಿ ಮಾತ್ರ ಎರಡೂ ಪ್ರಶ್ನೆ ಸೇರಿದ್ದವು: ಗಾಳಿಯ ದೂಳು ಮೋಡವನ್ನು ಹೇಗೆ ಬದಲಿಸುತ್ತದೆ, ಬಿತ್ತನೆಯಿಂದ ಮಳೆ ಹೆಚ್ಚುತ್ತದೆಯೇ.

ಅಳೆದದ್ದು ನಮ್ಮ ಮೊಬೈಲಿಗೆ ಹೇಗೆ ಬರುತ್ತದೆ

ಮುನ್ಸೂಚನೆಯನ್ನು ಕಂಪ್ಯೂಟರ್ ಮಾದರಿಗಳು ಲೆಕ್ಕ ಹಾಕುತ್ತವೆ. ಅವು ನೆಲವನ್ನು ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೆ ಒಂದೊಂದು ಉತ್ತರ ಕೊಡುತ್ತವೆ. ಮೀನು ಬಲೆಯ ಕಣ್ಣಿನ ಹಾಗೆ. ಕಣ್ಣು ದೊಡ್ಡದಿದ್ದರೆ ಸಣ್ಣ ಮೀನು ತೂರಿಹೋಗುತ್ತದೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಎಂಬ ಮಾದರಿಯ ಚೌಕ 6 ಕಿ.ಮೀ. ಅದಕ್ಕೆ ಮೊದಲು 12 ಇತ್ತು. ದೊಡ್ಡ ಸುಧಾರಣೆ. ಆದರೆ ನಮ್ಮ ಗೆರೆ ಒಂದೆರಡು ಕಿ.ಮೀ ಅಗಲದ್ದು, ಇನ್ನೂ ಕಣ್ಣಿನಲ್ಲಿ ತೂರುತ್ತದೆ. ಚೌಕದೊಳಗೆ ನಡೆಯುವುದನ್ನು ಮಾದರಿ ಒಂದು ಸೂತ್ರದಿಂದ ಅಂದಾಜು ಮಾಡುತ್ತದೆ. ಆ ಸೂತ್ರ ಸರಿಯೇ ಅಂತ ಒರೆಗೆ ಹಚ್ಚುವುದು ವಿಮಾನ ತಂದ ಅಳತೆಗಳಿಂದ. ದಿನಾ ಮುನ್ಸೂಚನೆ ಕೊಡಲು ಅಂತ ಈ ವಿಮಾನ ಹಾರುವುದಿಲ್ಲ. ಒಂದು ತಿಂಗಳು ಹಾರುತ್ತದೆ, ಆ ಅಂಕಿಗಳ ಮೇಲೆ ಹತ್ತು ವರ್ಷ ಕೆಲಸ ನಡೆಯುತ್ತದೆ.

ಹಾಗಾಗಿ ಮುನ್ಸೂಚನೆಯ ಪದಗಳನ್ನು ಅವುಗಳ ಅರ್ಥದಲ್ಲೇ ಓದಬೇಕು. ಹವಾಮಾನ ಇಲಾಖೆ ಒಂದೆರಡು ಕಡೆ ಅಂದರೆ, ಆ ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ಶೇ 25ರವರೆಗೆ ಮಾತ್ರ ಮಳೆ ಅಂತ. ಕೆಲವು ಕಡೆ ಅಂದರೆ ಶೇ 26ರಿಂದ 50, ಹಲವು ಕಡೆ ಅಂದರೆ 51ರಿಂದ 75, ಅದಕ್ಕೂ ಮೇಲಾದರೆ ಹೆಚ್ಚಿನ ಎಲ್ಲ ಕಡೆ. ಭಾರಿ ಅನ್ನುವುದಕ್ಕೂ ಅಳತೆ ಇದೆ. 24 ಗಂಟೆಯಲ್ಲಿ 64.5 ಮಿ.ಮೀ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ.

ಬೇಸಿಗೆಯ ಗುಡುಗಿಗೆ ಬೆಳಗಿನ ಮುನ್ಸೂಚನೆಗಿಂತ, ಮುಂದಿನ ಎರಡು-ಮೂರು ಗಂಟೆಗೆ ಕೊಡುವ ತುರ್ತು ಸೂಚನೆ ಹೆಚ್ಚು ನೆರವಾಗುತ್ತದೆ. ಅಷ್ಟು ಹೊತ್ತಿಗೆ ಗೆರೆ ಮೋಡವಾಗಿ ಕಾಣಲು ಶುರುವಾಗಿರುತ್ತದೆ. ಸಿಡಿಲಿಗೆ ಐಐಟಿಎಂನ ದಾಮಿನಿ ಆ್ಯಪ್ ಇದೆ. ಹತ್ತಿರದಲ್ಲಿ ಸಿಡಿಲು ಬೀಳುತ್ತಿದ್ದರೆ ಅದು ತಿಳಿಸುತ್ತದೆ.

ಬರಿಗಣ್ಣಿನಿಂದಲೂ ಈ ಗೆರೆಯನ್ನು ನೋಡಬಹುದು. ಕಾರವಾರದಿಂದ ಶಿರಸಿ ನೇರ ಗೆರೆಯಲ್ಲಿ ಸುಮಾರು 80 ಕಿ.ಮೀ. ಶಿರಸಿಯ ಮೇಲೆ 14 ಕಿ.ಮೀ ಎತ್ತರಕ್ಕೆ ಎದ್ದ ಮೋಡ, ಆಕಾಶ ತಿಳಿಯಾಗಿದ್ದರೆ ಕಾರವಾರದ ದಂಡೆಯಿಂದ ಕಾಣುತ್ತದೆ. ಪೂರ್ವಕ್ಕೆ, ತುಸು ದಕ್ಷಿಣಕ್ಕೆ ಮುಖ ಮಾಡಿ ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ, ಮೋಡದ ಎತ್ತರ ಒಂದು ಮುಷ್ಟಿಯಷ್ಟು. ಅದರ ಎಡಕ್ಕೆ ಬಲಕ್ಕೆ ಸಣ್ಣ ಮೋಡಗಳು ಘಟ್ಟದ ನೆತ್ತಿಯ ಉದ್ದಕ್ಕೂ ಸಾಲಾಗಿ ನಿಂತಿರುತ್ತವೆ. ಆ ಸಾಲೇ ಗಡಿ. ಕಳೆದ ಬೇಸಿಗೆಯಿಂದ ನಮ್ಮ ಮನೆಯಲ್ಲಿ ಹಪ್ಪಳ ಹರಡಿದ ದಿನ ಅಕ್ಕ ಮಧ್ಯಾಹ್ನ ಎರಡಕ್ಕೆ ಮಹಡಿ ಹತ್ತಿ ನೋಡಿ ಫೋನ್ ಮಾಡುತ್ತಾಳೆ.